ಗೋಣಿಚೀಲದ ಮೇಲಿನ ದೇಶ

ಕಾರ್ಕಳ
ಡಿಸೆಂಬರ್ 2025

ಪ್ರಿಯ ಗೆಳೆಯಾ,

ನೀನು ಕಳಿಸಿದ ಸುದ್ದಿ ನೋಡಿದೆ. ಅದರ ಕೆಳಗೆ "ನೀನು ಗೇರುಬೀಜ ತರಲಿಕ್ಕೆ ಹೋಗ್ತಿದ್ದ ದೇಶ ಇದೇ ಅಲ್ವೇನೋ? ಅಲ್ಲಿ ಮಿಲಿಟರಿ ದಂಗೆ ಬಿಟ್ಟು ಬೇರೆ ಎಂತದೂ ಆಗುದಿಲ್ವಾ?" ಅಂತ ಕೇಳಿದ್ದೀಯ. ಹೌದು ಮಾರಾಯಾ, ಇದೇ ದೇಶ. ಗಿನಿ-ಬಿಸ್ಸಾವ್. ನವೆಂಬರ್ 23ಕ್ಕೆ ಜನ ಸಾಲು ನಿಂತು ವೋಟು ಹಾಕಿದರು. ಫಲಿತಾಂಶ ಹೇಳಬೇಕಾದ ಮುನ್ನಾದಿನ, 26ಕ್ಕೆ, ಸಮವಸ್ತ್ರದವರು ಟಿವಿಯಲ್ಲಿ ಕಾಣಿಸಿಕೊಂಡು ಇನ್ನು ಮುಂದೆ ನಾವೇ ಅಂದರು. ನಿನಗೆ ಒಂದು ಸಾಲಿನ ಉತ್ತರ ಹಾಕಿ ಮುಗಿಸಬಹುದಿತ್ತು. ಆದರೆ ಎರಡು ಸೀಸನ್ ಅಲ್ಲಿಯ ಅನ್ನ ಉಂಡವನು ನಾನು. ಒಂದು ಸಾಲಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ನಿನಗೆ ಗೊತ್ತಲ್ಲ, ಅಮ್ಮ ಇಪ್ಪತ್ತು ವರ್ಷ ಬೀಜದ ಫ್ಯಾಕ್ಟರಿಗೆ ಹೋದವಳು. ನಮ್ಮ ಕಡೆ ಬೀಜಕ್ಕೆ ಅದು ಬಂದ ದೇಶದ ಹೆಸರೇ ಹೆಸರು. ಬೆನಿನ್ ಬೀಜ, ಘಾನಾ ಬೀಜ, ಬಿಸ್ಸಾವ್ ಬೀಜ. "ಇವತ್ತು ಬಿಸ್ಸಾವ್ ಬಂತು, ತಿರುಳು ತುಂಬಿಕೊಂಡಿದೆ" ಅಂತ ಅಮ್ಮ ಹೇಳುವಾಗ ಅದೊಂದು ಊರು ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಖಾಲಿ ಗೋಣಿಚೀಲ ಮನೆಗೆ ಬಂದರೆ ಅಂಗಳದಲ್ಲಿ ಹಾಸಿ ಹಪ್ಪಳ ಒಣಗಿಸುತ್ತಿದ್ದೆವು. ಅದರ ಮೇಲೆ ಅರ್ಧ ಮಾಸಿದ ಅಕ್ಷರದಲ್ಲಿ ಈ ದೇಶ ಇರುತ್ತಿತ್ತು.

ನಕ್ಷೆಯಲ್ಲಿ ನೋಡು. ಆಫ್ರಿಕಾದ ಪಶ್ಚಿಮದ ಉಬ್ಬಿನಲ್ಲಿ, ಮೇಲೆ ಸೆನೆಗಲ್, ಕೆಳಗೂ ಬಲಕ್ಕೂ ಇನ್ನೊಂದು ಗಿನಿ. 36,125 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಐದನೇ ಒಂದು ಪಾಲಿಗಿಂತಲೂ ಕಮ್ಮಿ. ಜನ ಸುಮಾರು 20 ಲಕ್ಷ. ಅದರಲ್ಲೂ ಭರತ ಬಂದಾಗ ದೇಶ ಇನ್ನಷ್ಟು ಸಣ್ಣದಾಗುತ್ತದೆ, ಇಳಿತದಲ್ಲಿ ದೊಡ್ಡದಾಗುತ್ತದೆ. ಗೇಬಾ, ಕಾಶೆವು, ಕೊರುಬಾಲ್ ಹೊಳೆಗಳಿಗೆ ಸಮುದ್ರದ ನೀರು ಒಳನಾಡಿನ ತನಕ ನುಗ್ಗುತ್ತದೆ. ಎರಡೂ ದಡದಲ್ಲಿ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಲ್ಲೇ ಬೆಳೆಯುವ ಮ್ಯಾಂಗ್ರೋವ್. ಮೊದಲ ಸಲ ಅದನ್ನು ಕಂಡಾಗ ನನಗೆ ನಿಮ್ಮ ಅಘನಾಶಿನಿ ನೆನಪಾಯಿತು. ಪರದೇಶಕ್ಕೆ ಹೋದವರಿಗೆ ಎಲ್ಲವೂ ಊರಿನ ಹಾಗೇ ಕಾಣುವ ರೋಗ ಉಂಟಲ್ಲ, ಅದೇ ಇರಬೇಕು ಅಂದುಕೊಂಡೆ. ಆದರೆ ಅವರ ಗದ್ದೆ ನೋಡಿದ ಮೇಲೆ ರೋಗವಲ್ಲ ಅಂತ ಖಾತ್ರಿಯಾಯಿತು.

ಆ ಗದ್ದೆಯ ವಿಷಯ ನಿನಗೇ ಹೇಳಬೇಕು. ಅಲ್ಲಿ ಬಲಾಂಟಾ ಅಂತ ಒಂದು ಸಮುದಾಯ. ಕಾಂಡ್ಲಾ ಕಡಿದು, ಉಪ್ಪುನೀರಿಗೆ ಅಡ್ಡವಾಗಿ ಜಿಗುಟು ಮಣ್ಣಿನ ಕಟ್ಟ ಕಟ್ಟಿ, ಒಳಗೆ ಭತ್ತ ಬೆಳೆಯುತ್ತಾರೆ. ಇಂಥ ಗದ್ದೆಗೆ ಬೊಲಾಂಯಾ ಅನ್ನುತ್ತಾರೆ. ಹೊರಗಡೆ ಒಂದು ಸಾಲು ಕಾಂಡ್ಲಾ ಉಳಿಸಿಕೊಳ್ಳುವುದು, ಇಲ್ಲದಿದ್ದರೆ ತೆರೆ ಕಟ್ಟವನ್ನೇ ತಿನ್ನುತ್ತದೆ. ನೀರು ಬಿಡಲು ಮರದ ದಿಮ್ಮಿಯನ್ನು ಕೊರೆದು ಮಾಡಿದ ತೂಬು. ಮಳೆ ಹಿಡಿದ ಮೇಲೆ ಮೊದಲ ನೀರೆಲ್ಲ ಮಣ್ಣಿನ ಉಪ್ಪು ತೊಳೆಯಲಿಕ್ಕೆ. ಆಮೇಲೆ ನಾಟಿ. ಎತ್ತಿಲ್ಲ, ನೇಗಿಲಿಲ್ಲ. ಆಳಿಗಿಂತ ಉದ್ದದ ಒಂದು ಮರದ ಗುದ್ದಲಿ, ತುದಿಗೆ ಕಬ್ಬಿಣದ ಪಟ್ಟಿ. ಗಂಡಸರು ಸಾಲಾಗಿ ನಿಂತು ಅದನ್ನು ಕೆಸರಿಗೆ ಹಾಕಿ ಮೀಟಿ ಏರಿ ಎಬ್ಬಿಸುವುದನ್ನು ನೋಡಬೇಕು ನೀನು! ಉಪ್ಪುನೀರಿನ ನಿಮ್ಮ ಗಜನಿ ಗದ್ದೆ, ಅದರಲ್ಲಿ ಬೆಳೆಯುವ ಕಗ್ಗ ಭತ್ತ, ಅದರ ಕಟ್ಟ ಕಟ್ಟುವ ರಗಳೆ ಎಲ್ಲ ಅವರಿಗೆ ವಿವರಿಸಿದೆ. ದುಭಾಷಿ ಹುಡುಗ ಅರ್ಧ ಹೇಳುವಷ್ಟರಲ್ಲಿ ಒಬ್ಬ ಮುದುಕ ನಕ್ಕು, "ಕಟ್ಟ ಒಡೆದರೆ ನಿಮ್ಮಲ್ಲಿಯೂ ಹುಡುಗರು ಪೇಟೆಗೆ ಓಡುತ್ತಾರಾ?" ಅಂತ ಕೇಳಿದ. ಓಡುತ್ತಾರೆ ಅಂದೆ. ನಿನ್ನ ತಮ್ಮನ ಹೆಸರು ಹೇಳಲಿಲ್ಲ.

ಅಷ್ಟು ಭತ್ತ ಬೆಳೆಯಬಲ್ಲ ದೇಶ ಈಗ ಅಕ್ಕಿಯನ್ನು ಹೊರಗಿನಿಂದ ತರಿಸುತ್ತದೆ. ಅದಕ್ಕೆ ಒಂದು ಕಾರಣ ನಮ್ಮ ಬೀಜ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿ ಶೇಂಗಾದ್ದೇ ಕಾರುಬಾರು. ಗೇರು ಹಬ್ಬಿದ್ದು ಹೆಚ್ಚಾಗಿ 1980ರ ದಶಕದ ಮೇಲೆ. ಗಿಡ ನೆಟ್ಟರೆ ಆಯಿತು, ಕಟ್ಟ ಕಟ್ಟುವ ರಗಳೆ ಇಲ್ಲ. ಈಗ ದೇಶದ ರಫ್ತು ಆದಾಯದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಇದೊಂದೇ ಬೀಜದ್ದು, ಮತ್ತು ಬಹುಪಾಲು ಸಿಪ್ಪೆ ಸಮೇತ ಹಡಗು ಹತ್ತುತ್ತದೆ, ನಮ್ಮ ದೇಶಕ್ಕೆ, ವಿಯೆಟ್ನಾಮಿಗೆ. ಹಳ್ಳಿಗಳಲ್ಲಿ ದುಡ್ಡಿನ ಬದಲು ಅಕ್ಕಿ ಕೊಟ್ಟು ಬೀಜ ಕೊಳ್ಳುವ ಪದ್ಧತಿ ಉಂಟು. ಒಳ್ಳೆ ವರ್ಷದಲ್ಲಿ ಕಿಲೋಗೆ ಕಿಲೋ. ಬೆಲೆ ಬಿದ್ದ ವರ್ಷದಲ್ಲಿ ಒಂದು ಕಿಲೋ ಅಕ್ಕಿಗೆ ಎರಡು ಕಿಲೋ ಬೀಜ ಸುರಿಯಬೇಕು. ಗದ್ದೆ ಪಾಳು ಬಿಟ್ಟು ಗೇರು ನೆಟ್ಟವನಿಗೆ ಬೇರೆ ದಾರಿ ಎಲ್ಲಿ?

ನನ್ನ ಕೆಲಸ ಔಟ್‌ಟರ್ನ್ ನೋಡುವುದು. ಅಂದರೆ ರಾಶಿಯ ನಾಲ್ಕಾರು ಕಡೆಯಿಂದ ತೆಗೆದ ಒಂದು ಕಿಲೋ ಬೀಜವನ್ನು ಉದ್ದಕ್ಕೆ ಸೀಳಿ, ಒಳ್ಳೆ ತಿರುಳನ್ನೂ ಕಲೆ ಬಿದ್ದದ್ದರ ಅರ್ಧವನ್ನೂ ತೂಕಕ್ಕೆ ಹಾಕುವುದು. ಹುಳು ತಿಂದದ್ದು, ಮುರುಟಿದ್ದು ಲೆಕ್ಕಕ್ಕಿಲ್ಲ. ಕಿಲೋಗೆ 300 ಗ್ರಾಂ ಸಿಕ್ಕಿದರೆ 80 ಕಿಲೋ ಚೀಲಕ್ಕೆ ಸುಮಾರು 53 ಪೌಂಡ್ ತಿರುಳು ಅಂತ ಲೆಕ್ಕ. ಬಿಸ್ಸಾವ್ ಬೀಜ ಪಶ್ಚಿಮ ಆಫ್ರಿಕಾದಲ್ಲೇ ಒಳ್ಳೆಯದು ಅಂತ ಹೆಸರು ಪಡೆದದ್ದು ಈ ಪೌಂಡಿನಿಂದ. ನಾನು ಸೀಳುವಾಗ ಬೆಳೆದವನು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿರುತ್ತಾನೆ. ಎರಡು ಪೌಂಡ್ ಕಮ್ಮಿ ಬರೆದರೆ ಅವನ ಮನೆಯ ಅಕ್ಕಿ ಕಮ್ಮಿ, ಹೆಚ್ಚು ಬರೆದರೆ ನನ್ನ ಕೆಲಸಕ್ಕೆ ಸಂಚಕಾರ. ಅಂಥ ಕುರ್ಚಿಯಲ್ಲಿ ಕೂತವನಿಗೆ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ, ಸುಳ್ಳು ಹೇಳುವುದು ಎಂತಕ್ಕೆ.

ಸರಕಾರ ಪ್ರತಿ ವರ್ಷ ಸೀಸನ್ ಶುರುವಿಗೆ ಒಂದು ದರ ಘೋಷಿಸುತ್ತದೆ. ಅದನ್ನು ಕೇಳಿ ಜನ ಮೇಳದ ಆಟ ಶುರುವಾದ ಹಾಗೆ ಎದ್ದು ಕೂರುತ್ತಾರೆ. 2018ರಲ್ಲಿ ಅಧ್ಯಕ್ಷರಾಗಿದ್ದ ಜೋಸೆ ಮಾರಿಯೋ ವಾಜ್ ಕಿಲೋಗೆ 1000 ಫ್ರಾಂಕ್ ಅಂದುಬಿಟ್ಟರು. ಅಷ್ಟು ದರ ಕೊಡಲಾಗದೆ ವ್ಯಾಪಾರಿಗಳು ಕೈಕಟ್ಟಿ ಕೂತರು. ಬೀಜಕ್ಕೋ ಕಾಯುವ ತಾಳ್ಮೆ ಇಲ್ಲ. ಮಳೆ ಅಲ್ಲಿಯೂ ನಮ್ಮ ಹಾಗೇ ಜೂನಿನಲ್ಲಿ ಹಿಡಿಯುತ್ತದೆ, ನೀರು ತಾಗಿದ ಬೀಜ ಕಪ್ಪಾಗುತ್ತದೆ. ಅಂಗಡಿ ಜಗಲಿಯಲ್ಲಿ ಇದನ್ನೆಲ್ಲ ಹೇಳಿದವನು ಕೊನೆಗೆ ಅಂದದ್ದು ಮೂರೇ ಮಾತು: "ಜಿತು ಕಾ ತೆನ್." ಅವರ ಕ್ರಿಯೋಲಿನಲ್ಲಿ, ಅಂದರೆ ಪೋರ್ಚುಗೀಸ್ ಬೆರೆತ ಅಲ್ಲಿಯ ಆಡುಮಾತಿನಲ್ಲಿ, ಉಪಾಯ ಇಲ್ಲ ಅಂತ ಅರ್ಥ. ನಮ್ಮ "ಎಂತ ಮಾಡುದು" ಇದ್ದ ಹಾಗೆ, ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ.

ಕ್ರಿಯೋಲ್ ಮಜಾ ಉಂಟು. ಸರಕಾರದ ಭಾಷೆ ಪೋರ್ಚುಗೀಸ್, ಸಂತೆಯ ಭಾಷೆ ಇದು. ಎದುರು ಸಿಕ್ಕಿದವರು "ಕುಮಾ ದಿ ಕುರ್ಪು?" ಅನ್ನುತ್ತಾರೆ, ಮೈ ಹೇಗುಂಟು ಅಂತ. ಕಿವಿಗೊಟ್ಟರೆ ನಮ್ಮ ಮಾತುಗಳೇ ಹಾದು ಹೋಗುತ್ತವೆ. ಮೇಜು, ಜನೇಲು ಎಲ್ಲ ಒಬ್ಬನೇ ಪೋರ್ಚುಗೀಸನ ಹಡಗಿನಿಂದ ಇಳಿದವು, ಅವರಲ್ಲಿ ಅವರ ಬಾಯಿಗೆ, ನಮ್ಮಲ್ಲಿ ನಮ್ಮ ಬಾಯಿಗೆ. ಗೇರಿಗೆ ಅವರೂ ಕಾಜು, ನಮ್ಮ ಕೊಂಕಣಿಗರೂ ಕಾಜು. ನಾವು ಮಾತ್ರ ಕಾಡಿನ ಕರಿಗೇರಿನ ಹೆಸರನ್ನೇ ಈ ಬ್ರೆಜಿಲಿನ ಮರಕ್ಕೆ ಇಟ್ಟು ನಮ್ಮದನ್ನಾಗಿ ಮಾಡಿಕೊಂಡೆವು. ಹಣ್ಣಿನ ವಿಷಯದಲ್ಲಿ ಅವರು ನಮಗಿಂತ ಜಾಣರು. ನಮ್ಮ ಗುಡ್ಡೆಯಲ್ಲಿ ಹಣ್ಣು ಕೊಳೆತು ನೊಣ ಕೂರುತ್ತದೆ. ಅಲ್ಲಿ ಹೆಂಗಸರು ಹಿಂಡಿ ರಸ ಮಾಡುತ್ತಾರೆ. ಬೆಳಿಗ್ಗೆ ಸಿಹಿ, ಮರುದಿನಕ್ಕೆ ಹುಳಿ ಹೆಂಡ. ಅದನ್ನು ಮಾರಿದ ದುಡ್ಡು ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಫುಲಾ, ಮಂಡಿಂಕಾ ಮುಸಲ್ಮಾನರು ಮುಟ್ಟುವುದಿಲ್ಲ, ಉಳಿದವರಿಗೆ ಸೀಸನ್ ಅಂದರೆ ಅದೇ. ನಾನೂ ಒಂದು ಲೋಟ ಕುಡಿದೆ, ಅಮ್ಮನಿಗೆ ಹೇಳಬೇಡ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ದಂಗೆ ಬಿಟ್ಟು ಎಂತ ಆಗಿದೆ ಅಂದೆಯಲ್ಲ. ಆ ದೇಶವನ್ನು ಕಟ್ಟಿದವನು ಸಿಪಾಯಿಯಲ್ಲ, ಕೃಷಿ ಓದಿದವನು. ಅಮಿಲ್ಕಾರ್ ಕಬ್ರಾಲ್, 1924ರಲ್ಲಿ ಬಫಾಟಾದಲ್ಲಿ ಹುಟ್ಟಿದವನು. ಲಿಸ್ಬನ್ನಿನಲ್ಲಿ ಕೃಷಿ ವಿಜ್ಞಾನ ಮುಗಿಸಿ ಬಂದು ಪೋರ್ಚುಗೀಸ್ ಸರಕಾರದ ನೌಕರಿಯಲ್ಲೇ 1953ರಲ್ಲಿ ದೇಶದ ಕೃಷಿ ಗಣತಿ ಮಾಡಿದ. ಊರೂರು ತಿರುಗಿ ಯಾರು ಎಲ್ಲಿ ಎಂತ ಬೆಳೆಯುತ್ತಾರೆ ಅಂತ ಬರೆದುಕೊಂಡವನಿಗೆ ಆ ಸರಕಾರದ ಮೇಲೆಯೇ ಹೋರಾಡಲು ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಾಗಲಿಲ್ಲ. 1956ರಲ್ಲಿ ಪಕ್ಷ ಕಟ್ಟಿದ. 1959ರ ಆಗಸ್ಟ್ 3ರಂದು ಬಿಸ್ಸಾವಿನ ಪಿಜಿಗಿಟಿ ಧಕ್ಕೆಯಲ್ಲಿ ಕೂಲಿ ಹೆಚ್ಚು ಕೇಳಿದ ಕಾರ್ಮಿಕರ ಮೇಲೆ ಗುಂಡು ಹಾರಿತು. ಹತ್ತಾರು ಜನ ಸತ್ತರು. 1963ರಿಂದ ಕಾಡಿನ ಯುದ್ಧ. ಗೋವೆಯಿಂದ ಇದೇ ಪೋರ್ಚುಗೀಸರನ್ನು 1961ರ ಡಿಸೆಂಬರಿನಲ್ಲಿ ಎರಡೇ ದಿನದಲ್ಲಿ ಎಬ್ಬಿಸಿದ್ದು ನಮ್ಮ ದೊಡ್ಡ ಸೈನ್ಯ. ಇವರು ಆ ದೊಡ್ಡ ಸೈನ್ಯವಿಲ್ಲದೆ, ಗದ್ದೆಯ ಜನರನ್ನೇ ಕಟ್ಟಿಕೊಂಡು ಹನ್ನೊಂದು ವರ್ಷ ಕಾದಾಡಿದರು.

ಕಬ್ರಾಲನನ್ನು 1973ರ ಜನವರಿ 20ರಂದು ಪಕ್ಕದ ಗಿನಿಯ ರಾಜಧಾನಿ ಕೊನಾಕ್ರಿಯಲ್ಲಿ ಕೊಂದರು, ಗುಂಡು ಹೊಡೆದವರು ಅವನ ಪಕ್ಷದವರೇ. ಅವನ ಅಂತ್ಯಕ್ರಿಯೆಗೆ ಹೊರಟ ತಿತಿನಾ ಸಿಲಾ ಅನ್ನುವ ಹೋರಾಟಗಾರ್ತಿ ಹತ್ತು ದಿನದ ಮೇಲೆ ಹೊಳೆ ದಾಟುವಾಗ ಪೋರ್ಚುಗೀಸರ ಕೈಯಲ್ಲಿ ಸತ್ತಳು. ಜನವರಿ 30 ಈಗಲೂ ಅಲ್ಲಿ ಮಹಿಳೆಯರ ದಿನ. ಆ ವರ್ಷವೇ ಸೆಪ್ಟೆಂಬರ್ 24ಕ್ಕೆ ಬೊಯೆ ಅನ್ನುವ ಕಡೆ ಸ್ವಾತಂತ್ರ್ಯ ಘೋಷಿಸಿದರು. ಪೋರ್ಚುಗಲ್ ಒಪ್ಪಿದ್ದು ಮರುವರ್ಷ, ತನ್ನ ಮನೆಯಲ್ಲೇ ಸರ್ವಾಧಿಕಾರ ಬಿದ್ದ ಮೇಲೆ.

ಆಮೇಲಿನದ್ದು ನೀನು ಹೇಳಿದ್ದೇ. 1980ರಲ್ಲಿ ಅಧ್ಯಕ್ಷನಾಗಿದ್ದ ಕಬ್ರಾಲನ ಮಲತಮ್ಮನನ್ನು ಇಳಿಸಿ ಪ್ರಧಾನಿ ನಿನೋ ವಿಯೆರಾ ಬಂದ. 1998ರಲ್ಲಿ ಒಳಯುದ್ಧ. 2003ರಲ್ಲಿ ದಂಗೆ. 2009ರ ಮಾರ್ಚಿನಲ್ಲಿ ಸೇನಾ ಮುಖ್ಯಸ್ಥ ಬಾಂಬಿಗೆ ಸತ್ತ ಕೆಲವೇ ಗಂಟೆಗಳಲ್ಲಿ ವಿಯೆರಾನನ್ನೂ ಮುಗಿಸಿದರು. 2012ರಲ್ಲಿ ಮತ್ತೆ ದಂಗೆ. ಚುನಾಯಿತ ಅಧ್ಯಕ್ಷನೊಬ್ಬ ಅವಧಿ ಪೂರ್ತಿ ಕುರ್ಚಿಯಲ್ಲಿ ಕೂತದ್ದು ಮೊದಲ ಸಲ ಆ ವಾಜ್ ಕಾಲದಲ್ಲಿ, ಸ್ವಾತಂತ್ರ್ಯ ಬಂದು 45 ವರ್ಷದ ಮೇಲೆ. ಜೊತೆಗೆ ದಕ್ಷಿಣ ಅಮೆರಿಕದ ಕೊಕೇನ್ ಯುರೋಪಿಗೆ ದಾಟುವ ದಾರಿ ಅಂತ ಕೆಟ್ಟ ಹೆಸರು ಬೇರೆ. ಇಷ್ಟೆಲ್ಲ ಆದರೂ ಬಿಸ್ಸಾವಿನ ನೀಲಿ-ಹಳದಿ ತೊಕಾ-ತೊಕಾ ವ್ಯಾನುಗಳು ಮಾತ್ರ ಬೆಳಿಗ್ಗೆ ಜನ ತುಂಬಿಕೊಂಡು ಓಡುತ್ತಿರುತ್ತವೆ, ಸಂಜೆ ಜಗಲಿಯಲ್ಲಿ ಸಣ್ಣ ಲೋಟದ ವರ್ಗಾ ಚಹಾ ಮೂರು ಸುತ್ತು ಕುದಿಯುತ್ತಿರುತ್ತದೆ.

ಬಿಜಾಗೋಸ್ ದ್ವೀಪಗಳಿಗೆ ಹೋಗಲಾಗಲಿಲ್ಲ, ಅದೊಂದು ಕೊರಗು ಉಳಿಯಿತು. 88 ದ್ವೀಪ, ಉಪ್ಪುನೀರಿಗೂ ಇಳಿಯುವ ನೀರಾನೆ, ಮೊಟ್ಟೆಯಿಡಲು ಬರುವ ಕಡಲಾಮೆ. ಈ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿತು.

ಹೊರಡುವ ಮುನ್ನಾದಿನ ಒಬ್ಬಳು ಹೆಂಗಸು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೀಜ ಬೇರ್ಪಡಿಸುತ್ತಿದ್ದವಳು, ಇದನ್ನು ನಿಮ್ಮಲ್ಲಿ ಒಡೆಯುವವರು ಯಾರು ಅಂತ ಕೇಳಿದಳು. ಫೋನಿನಲ್ಲಿ ಅಮ್ಮನ ಫೋಟೊ ಇತ್ತು. ತೋರಿಸಿದೆ. ಅವಳು ಮುಖ ನೋಡಲಿಲ್ಲ, ಎರಡು ಬೆರಳಿನಿಂದ ದೊಡ್ಡದು ಮಾಡಿ ಕೈ ನೋಡಿದಳು. ಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ಬೆರಳು, ಎಷ್ಟು ಬೂದಿ ಹಚ್ಚಿಕೊಂಡರೂ ಹೋಗದ್ದು. ಮನೆಗೆ ಬಂದು ಇದನ್ನು ಹೇಳಿದರೆ ಅಮ್ಮ, "ಅವಳಿಗೆ ಕಿಲೋಗೆ ಎಷ್ಟು ಕೊಟ್ಟೆ?" ಅಂದಳು. ನಾನು ದರ ಹೇಳಿದೆ. ಅಮ್ಮ ಮತ್ತೆ ಮಾತಾಡಲಿಲ್ಲ.

ಮಾರ್ಚಿಗೆ ಹೊಸ ಸೀಸನ್. ಕಂಪನಿಯವರು ಹೋಗುವುದೋ ಬಿಡುವುದೋ ಅಂತ ಇನ್ನೂ ಹೇಳಿಲ್ಲ. ಅಲ್ಲಿಯ ದುಭಾಷಿ ಹುಡುಗ ನಿನ್ನೆ ಮೆಸೇಜು ಹಾಕಿದ್ದ: ಅಂಗಡಿ ತೆರೆದಿದೆ, ಮೈ ಚೆನ್ನಾಗಿದೆ. ನಿಮ್ಮ ಗಜನಿಯಲ್ಲಿ ಈ ಸಲ ಕಗ್ಗ ಬಂದಿದ್ದರೆ ಎರಡು ಸೇರು ಅಕ್ಕಿ ಕಳಿಸು. ಅಮ್ಮನಿಗೆ ಗಂಜಿಗೆ ಬೇಕಂತೆ.

ನಿನ್ನ,
ಬೀಜದ ಗೆಳೆಯ