ಬೇಡವಾದರೆ ಬೇಡ ಎನ್ನಿ, ‘ನಾಳೆ ಬಾ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ನೆಲೆಸಿರುವ ಓದುಗರೊಬ್ಬರು ಕಳೆದ ವಾರ ಈ ಅಂಕಣಕ್ಕೆ ಬರೆದ ಪತ್ರ ಓದಿದೆ. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಹೆಸರಿನ ಪಟ್ಟಿ, ಹೀಗೆ ಸೈಕಲ್ ಏರಿ ತಮ್ಮ ಧರ್ಮ ಸಾರಲು ಮನೆಮನೆಗೆ ಬರುವ, ಅಮೆರಿಕ ಮೂಲದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗರನ್ನು ಸಾಗಹಾಕಲು ತಾವು ಕಂಡುಕೊಂಡ ಉಪಾಯವನ್ನು ಅವರು ವಿವರಿಸಿದ್ದರು. ನಗುನಗುತ್ತಾ ಮಾತಾಡಿಸುವುದು, ಒಂದು ದಿನ ಗೊತ್ತು ಮಾಡುವುದು, ಇಲ್ಲದ ಮನೆಯ ನಂಬರ್ ಕೊಟ್ಟು ಕಳಿಸುವುದು. ‘ಸಂಬಳ ಎಣಿಸಿಕೊಂಡು ಪರದೇಶ ಸುತ್ತುವವರ ಮೇಲೆ ಎಂಥ ಕನಿಕರ?’ ಎಂಬ ಮಾತೂ ಅದರಲ್ಲಿತ್ತು. ಇದನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ಜಪಾನಿನ ನಗೋಯಾದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಗಂಡ ಇಲ್ಲಿ ಎಂಜಿನಿಯರ್. ನಾನು ಆ ಚರ್ಚಿಗೆ ಸೇರಿದವಳಲ್ಲ, ಸೇರುವವಳೂ ಅಲ್ಲ. ನನ್ನ ದೇವರು, ನನ್ನ ಪೂಜೆ ನನಗೆ ಸಾಕು. ಆದರೆ ನಮ್ಮ ಕಟ್ಟಡದ ಕೆಳಗಿನ ಒಂದು ಪುಟ್ಟ ಮನೆಯನ್ನು ಆ ಚರ್ಚಿನವರು ಬಾಡಿಗೆಗೆ ಹಿಡಿದಿದ್ದಾರೆ. ಅದರಲ್ಲಿ ಯಾವಾಗಲೂ ಇಬ್ಬರು ಹುಡುಗರು. ಕೆಲವು ವಾರಕ್ಕೊಮ್ಮೆ ಒಬ್ಬ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ನಗೋಯಾದಲ್ಲಿ ಕಸ ವಿಂಗಡಿಸುವುದೆಂದರೆ ಒಂದು ಶಾಸ್ತ್ರವೇ ಸರಿ. ಯಾವ ದಿನ ಯಾವ ಚೀಲ, ಬಾಟಲಿಯ ಮುಚ್ಚಳ ಎಲ್ಲಿಗೆ, ಬಾಟಲಿ ಎಲ್ಲಿಗೆ ಎಂದು ಹೊಸಬರಿಗೆ ಹೇಳಿಕೊಡುವ ಕೆಲಸ ನಮ್ಮ ಕಟ್ಟಡದಲ್ಲಿ ನನ್ನ ಪಾಲಿಗೆ ಬಂದಿದೆ. ಈ ಹುಡುಗರು ನನಗೆ ಪರಿಚಯವಾದದ್ದು ಹಾಗೆ, ಧರ್ಮದ ಮಾತಿನಿಂದಲ್ಲ.

ಮೊದಲು ಸಂಬಳದ ವಿಷಯ. ಇವರಿಗೆ ಸಂಬಳವಿಲ್ಲ. ಅಷ್ಟೇ ಅಲ್ಲ, ಖರ್ಚೂ ಅವರದೇ. ಅಮೆರಿಕದ ಹುಡುಗನಾದರೆ ತಿಂಗಳಿಗೆ 500 ಡಾಲರ್ ಅವನೋ ಅವನ ಮನೆಯವರೋ ಕಟ್ಟಬೇಕು. 2020ರ ಜುಲೈವರೆಗೆ ಅದು 400 ಇತ್ತು. ದುಬಾರಿ ಜಪಾನಿಗೆ ಕಳಿಸಿದರೂ ಅಷ್ಟೇ, ಪಕ್ಕದ ರಾಜ್ಯಕ್ಕೆ ಕಳಿಸಿದರೂ ಅಷ್ಟೇ. ಕಟ್ಟಲಾಗದವರಿಗೆ ಚರ್ಚಿನ ನಿಧಿ ನೆರವಾಗುತ್ತದೆ. ಹೈಸ್ಕೂಲು ಮುಗಿಸಿ ರಜೆಯಲ್ಲಿ ಹುಲ್ಲು ಕತ್ತರಿಸಿ, ಅಂಗಡಿಯಲ್ಲಿ ಪೆಟ್ಟಿಗೆ ಹೊತ್ತು ಹಣ ಕೂಡಿಸಿಕೊಂಡು ಬಂದ ಹುಡುಗರನ್ನು ನಾನು ಕಂಡಿದ್ದೇನೆ. ಊರನ್ನು ಆರಿಸಿಕೊಳ್ಳುವ ಹಕ್ಕೂ ಅವರಿಗಿಲ್ಲ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚರ್ಚಿನ ಮುಖ್ಯ ಕಚೇರಿಯಿಂದ ಆದೇಶ ಬರುತ್ತದೆ, ಅದರಲ್ಲಿ ಬರೆದ ದೇಶಕ್ಕೆ ಹೊರಡಬೇಕು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಹುಡುಗರು 18ಕ್ಕೇ ಹೊರಡಬಹುದೆಂದು 2012ರ ಅಕ್ಟೋಬರಿನಲ್ಲಿ ಘೋಷಣೆಯಾಯಿತು, ಮೊದಲು 19 ಆಗಬೇಕಿತ್ತು. ಹದಿನೆಂಟು ತೀರಾ ಎಳೆಯ ವಯಸ್ಸು ಎಂಬುದು ನನ್ನ ಅಭಿಪ್ರಾಯ, ಅದನ್ನು ಆ ಹುಡುಗರಿಗೂ ಹೇಳಿದ್ದೇನೆ.

ಇನ್ನು ಸುತ್ತಾಟದ ವಿಷಯ. ಅವರ ದಿನಚರಿ ಕೇಳಿ. ಬೆಳಿಗ್ಗೆ ಆರೂವರೆಗೆ ಕೆಳಗಿನ ಮನೆಯಲ್ಲಿ ದೀಪ ಹತ್ತುತ್ತದೆ. ಅರ್ಧ ಗಂಟೆ ವ್ಯಾಯಾಮ. ಆಮೇಲೆ ತಿಂಡಿ, ಒಬ್ಬೊಬ್ಬರೇ ಓದುವುದು, ಇಬ್ಬರೂ ಕೂತು ಓದುವುದು, ಅದರ ಮೇಲೆ ಭಾಷೆಯ ಪಾಠ. ಜಪಾನಿ ಭಾಷೆಗೆ ಬರುವ ಹುಡುಗರಿಗೆ ಮೊದಲೇ ಸಿಗುವ ತರಬೇತಿ ಸುಮಾರು 9 ವಾರದ್ದು. ಒಂಬತ್ತು ವಾರದಲ್ಲಿ ಎಷ್ಟು ಜಪಾನಿ ಬರುತ್ತದೆಂದು ಇಲ್ಲಿ ಬಾಳಿದ ಯಾರನ್ನಾದರೂ ಕೇಳಿ. ಹತ್ತರ ಹೊತ್ತಿಗೆ ಹೆಲ್ಮೆಟ್ ಹಾಕಿ ಸೈಕಲ್ ಹತ್ತಿದರೆ ರಾತ್ರಿ ಒಂಬತ್ತರ ಸುಮಾರಿಗೆ ವಾಪಸು. ಮರುದಿನದ ಯೋಜನೆ ಬರೆದಿಟ್ಟು ಹತ್ತೂವರೆಗೆ ದೀಪ ಆರಿಸಬೇಕು. ಈಚೆಗೆ ಆಯಾ ದೇಶಕ್ಕೆ ತಕ್ಕಂತೆ ಹೊತ್ತನ್ನು ಸ್ವಲ್ಪ ಹಿಂದೆಮುಂದೆ ಮಾಡಿಕೊಳ್ಳಲು ಬಿಟ್ಟಿದ್ದಾರೆ, ಆದರೆ ದಿನದ ಚೌಕಟ್ಟು ಇದೇ. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಜತೆ ಓಡಾಟ ಇಲ್ಲ, ಈಜುವಂತೆಯೂ ಇಲ್ಲ. ಟೀ ಇಲ್ಲ, ಕಾಫಿ ಇಲ್ಲ. ಟೀಯಿಲ್ಲದೆ ಅತಿಥಿಸತ್ಕಾರವೇ ಇಲ್ಲದ ಜಪಾನಿನಲ್ಲಿ ಇದೊಂದು ದೊಡ್ಡ ಪೇಚು. ಆದರೆ ಹುರಿದ ಬಾರ್ಲಿಯ ಮುಗಿಚಾ ಕುಡಿಯಲು ಅಡ್ಡಿಯಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ಫ್ರಿಜ್ಜಿನಲ್ಲಿ ಅದರ ದೊಡ್ಡ ಜಗ್ಗು ಯಾವಾಗಲೂ ತುಂಬಿರುತ್ತದೆ. ನಗೋಯಾದ ಬೇಸಿಗೆ ಬಲ್ಲವರಿಗೆ ಇದು ಅರ್ಥವಾಗುತ್ತದೆ. 2018ರ ಆಗಸ್ಟಿನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿತ್ತು.

ಎಲ್ಲಕ್ಕಿಂತ ಕಷ್ಟದ್ದೆಂದು ನನಗೆ ಕಾಣುವುದು ಒಂಟಿಯಾಗಿರಲು ಬಿಡದ ನಿಯಮ. ಜೊತೆಗಾರನನ್ನು ಮೇಲಿನವರೇ ಗೊತ್ತುಮಾಡುತ್ತಾರೆ. ಅವನು ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ದೂರದಲ್ಲೇ ಇರಬೇಕು. ಬಚ್ಚಲುಮನೆ ಬಿಟ್ಟರೆ ಏಕಾಂತವೆಂಬುದಿಲ್ಲ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನೂ ಮನೆಯಲ್ಲೇ ಕೂರಬೇಕು. ಒಬ್ಬನಿಗೆ ಮಾತು ಬೇಕು, ಇನ್ನೊಬ್ಬನಿಗೆ ಮೌನ ಬೇಕು, ಇಬ್ಬರಿಗೂ ಇರುವುದು ಒಂದೇ ಕೋಣೆ. ಒಮ್ಮೆ ಇಬ್ಬರು ಹುಡುಗರು ಹಲವು ದಿನ ಮುಖ ಕೊಟ್ಟು ಮಾತಾಡದೆ ಒಂದರ ಹಿಂದೊಂದು ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಒಂದು ಸಂಜೆ ಅಂಗಳದಲ್ಲಿ ಒಬ್ಬ ಇನ್ನೊಬ್ಬನ ಸೈಕಲ್ಲಿನ ಚೈನು ಹಾಕಿಕೊಡುತ್ತಿದ್ದ, ಇಬ್ಬರ ಕೈಯೂ ಎಣ್ಣೆಮಸಿ. ಅಲ್ಲಿಗೆ ಮುನಿಸು ಮುಗಿಯಿತೆಂದು ಕಾಣುತ್ತದೆ.

ನಿಯಮವನ್ನು ಇವರು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತಾರೆಂಬುದಕ್ಕೆ ಒಂದು ಸಂಗತಿ ಹೇಳಬೇಕು. ಸೆಪ್ಟೆಂಬರಿನಲ್ಲೊಂದು ದಿನ ಚಂಡಮಾರುತದ ಮಳೆ. ಹುಡುಗರು ಎಲ್ಲೋ ಬೀಗದ ಕೈ ಕಳೆದುಕೊಂಡು ತೊಪ್ಪೆಯಾಗಿ ಬಂದರು. ಬೇರೆ ಕೀಲಿ ತರುವವರು ಬರಲು ತಡವಿತ್ತು. ನಾನು ಒಳಗೆ ಬನ್ನಿ ಎಂದೆ. ಇಬ್ಬರೂ ತಲೆಬಾಗಿ ವಂದಿಸಿ, ಯಜಮಾನರು ಮನೆಯಲ್ಲಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಇಲ್ಲೇ ಇರುತ್ತೇವೆ ಎಂದರು. ಹೆಂಗಸೊಬ್ಬಳೇ ಇರುವ ಮನೆಯೊಳಗೆ ಕಾಲಿಡುವಂತಿಲ್ಲ. ಮೆಟ್ಟಿಲ ಮೇಲೆ ಎರಡು ಸ್ಟೂಲು, ಟವೆಲ್ಲು ಕೊಟ್ಟೆ. ಅದರಲ್ಲಿ ಕಿರಿಯವನು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಟ್ಟ ನೋಟ್‌ಬುಕ್ ತೆಗೆದ. ಅಂದು ಕಲಿತ ಕಾಂಜಿ ಅಕ್ಷರಗಳು ಅದರಲ್ಲಿದ್ದವು. ದೊಡ್ಡವನು ಕೇಳುವುದು, ಚಿಕ್ಕವನು ಬೆರಳಿನಿಂದ ಒದ್ದೆ ಗೋಡೆಯ ಮೇಲೆ ಬರೆದು ತೋರಿಸುವುದು. ತಪ್ಪಾದಾಗ ಒರೆಸಿ ಮತ್ತೆ ಬರೆಯುತ್ತಿದ್ದ. ಚಳಿಗೆ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಈಗ ಆ ಓದುಗರ ಉಪಾಯಕ್ಕೆ ಬರುತ್ತೇನೆ. ಜಪಾನಿನಲ್ಲಿ ಕೆಲಸಕ್ಕೆ ಹೋದವರು ಮನೆ ಸೇರುವುದೇ ತಡ. ಹಗಲೆಲ್ಲ ಇವರು ಒತ್ತುವ ಕರೆಗಂಟೆಗೆ ಬಹುಪಾಲು ಮನೆಗಳಲ್ಲಿ ಉತ್ತರವಿಲ್ಲ, ಇದ್ದರೂ ಇಂಟರ್‌ಕಾಮಿನಲ್ಲೇ ಮುಗಿಯುತ್ತದೆ. ಯಾರಾದರೂ ಕೂತು ಮಾತಾಡುವುದಿದ್ದರೆ ರಾತ್ರಿ ಏಳರಿಂದ ಒಂಬತ್ತರ ನಡುವೆ. ದಿನಕ್ಕೆ ಇರುವುದು ಅದೊಂದೇ ಹೊತ್ತು. ಅದನ್ನು ಯಾರಿಗಾದರೂ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಒಂದು ಸಂಜೆ ಈ ಇಬ್ಬರು ನನ್ನ ಬಳಿ ಒಂದು ಚೀಟಿ ಹಿಡಿದು ಬಂದರು. ನಗರದ ಆ ತುದಿಯಲ್ಲಿರುವ ಭಾರತೀಯರೊಬ್ಬರು ಕರೆದಿದ್ದರಂತೆ. ಹತ್ತಿರ ಹತ್ತಿರ ಒಂದು ಗಂಟೆ ಸೈಕಲ್ ತುಳಿದು ಹೋಗಿದ್ದಾರೆ. ಚೀಟಿಯಲ್ಲಿ ಐದನೆಯ ಮಹಡಿಯ ನಂಬರ್. ಆ ಕಟ್ಟಡಕ್ಕೆ ಇದ್ದದ್ದು ನಾಲ್ಕೇ ಮಹಡಿ. ‘ಅವರ ಉಚ್ಚಾರ ನಮಗೆ ಸರಿಯಾಗಿ ತಿಳಿಯದೆ ತಪ್ಪು ಬರೆದುಕೊಂಡಿರಬೇಕು, ಅದೇ ಹೆಸರಿನ ಬೇರೆ ಕಟ್ಟಡ ಏನಾದರೂ ಇದೆಯೇ? ಪಾಪ, ಅವರು ಕಾಯುತ್ತಿರಬಹುದು’ ಎಂದು ಕೇಳಿದರು. ಮೋಸದ ಗುಮಾನಿಯೇ ಅವರಿಗೆ ಬಂದಿರಲಿಲ್ಲ. ಅಂದು ಅದೇ ಹೊತ್ತಿಗೆ ಬರಹೇಳಿದ್ದ ಒಬ್ಬ ಮುದುಕರಿಗೆ, ಸೊಂಟ ಹಿಡಿದು ಪೆಟ್ಟಿಗೆ ಎತ್ತಿಡಲಾಗದೆ ನೆರವು ಕೇಳಿದ್ದವರಿಗೆ, ಇವರು ಬರಲಾಗದೆಂದು ಹೇಳಿ ಹೋಗಿದ್ದರು. ನನಗೆ ಸಂಕಟವಾಯಿತು. ನಮ್ಮವರೇ ಯಾರೋ ಮಾಡಿದ ಕೆಲಸ.

ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಓಡಿಸಿದ ಹಾಗೆ ಮನುಷ್ಯರ ಮಕ್ಕಳನ್ನು ಓಡಿಸಬಾರದು. ಅದರಿಂದ ಫಲವೂ ಇಲ್ಲ. ಈ ಹುಡುಗರು ಯಾರು ಏನು ಹೇಳಿದರು ಎಂಬುದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಇವರು ಬೇರೆ ಊರಿಗೆ ಹೋದಾಗ ಅದು ಮುಂದೆ ಬರುವ ಜೋಡಿಯ ಕೈ ಸೇರುತ್ತದೆ. ಸ್ಪಷ್ಟವಾಗಿ ‘ನಮಗೆ ಬೇಡ, ಮತ್ತೆ ಬರಬೇಡಿ’ ಎಂದವರ ಮನೆಗೆ ಗುರುತು ಹಾಕುತ್ತಾರೆ, ಹೋಗುವುದಿಲ್ಲ. ‘ಮುಂದಿನ ವಾರ ನೋಡೋಣ’ ಎಂದವರನ್ನು ಆಸಕ್ತರೆಂದೇ ಬರೆದುಕೊಳ್ಳುತ್ತಾರೆ. ಈ ಜೋಡಿ ಹೋದರೆ ಇನ್ನೊಂದು ಜೋಡಿ ಬಂದು ಗಂಟೆ ಒತ್ತುತ್ತದೆ. ತಪ್ಪಿಸಿಕೊಳ್ಳಲು ಹೇಳಿದ ಸುಳ್ಳೇ ಅವರನ್ನು ಮತ್ತೆ ಕರೆತರುತ್ತದೆ. ನನ್ನ ಗಂಡ ಮೊದಲ ದಿನವೇ ಕೈಮುಗಿದು, ‘ಮತಾಂತರದ ಮಾತು ನಮ್ಮ ಮನೆಯಲ್ಲಿ ಬೇಡ, ಉಳಿದಂತೆ ನೀವು ನಮ್ಮ ನೆರೆಯವರು’ ಎಂದುಬಿಟ್ಟರು. ಎಷ್ಟೋ ಜೋಡಿಗಳು ಬಂದುಹೋದವು. ಯಾರೂ ಆ ಮಾತನ್ನು ಮೀರಿಲ್ಲ.

ಇವರು ಜಪಾನಿಗೆ ಇಂದು ನಿನ್ನೆ ಬಂದವರಲ್ಲ. 1901ರ ಆಗಸ್ಟ್ 12ರಂದು ನಾಲ್ವರು ಯೊಕೊಹಾಮಾದಲ್ಲಿ ಇಳಿದರು. ಅವರಲ್ಲಿ ಆಲ್ಮಾ ಟೇಲರ್ ಎಂಬಾತನಿಗೆ ಆಗಷ್ಟೇ 19 ತುಂಬಿತ್ತು. ಅವನು ಎಂಟು ವರ್ಷಕ್ಕೂ ಮಿಕ್ಕಿ ಇಲ್ಲೇ ಉಳಿದು, ಭಾಷೆ ಕಲಿತು, ತಮ್ಮ ಧರ್ಮಗ್ರಂಥವನ್ನು ಜಪಾನಿ ಭಾಷೆಗೆ ಅನುವಾದಿಸಿದ. ಅದು 1909ರಲ್ಲಿ ಅಚ್ಚಾಯಿತು. ಹಾಗೆ ಉಳಿದರೂ ಸೇರಿದವರು ಬೆರಳೆಣಿಕೆಯ ಮಂದಿ. 1924ರಲ್ಲಿ ಎಲ್ಲವನ್ನೂ ಮುಚ್ಚಿ ಹೋಗಿ, 1948ರಲ್ಲಿ ಮತ್ತೆ ಬಂದರು. ಈಗಲೂ ಇಲ್ಲಿ ಇವರ ಮಾತಿಗೆ ಒಲಿಯುವವರು ಕಡಿಮೆ. ಎರಡು ವರ್ಷ ಸೈಕಲ್ ತುಳಿದು ಒಬ್ಬರೂ ಚರ್ಚಿಗೆ ಸೇರದಿದ್ದರೂ ಮುಖ ಬಾಡಿಸಿಕೊಳ್ಳದೆ ಊರಿಗೆ ಹೋದವರನ್ನು ನಾನು ನೋಡಿದ್ದೇನೆ. ಅವರು ನಡೆಸುವ ಪುಕ್ಕಟೆ ಇಂಗ್ಲಿಷ್ ತರಗತಿಗೆ ನಮ್ಮ ಪಕ್ಕದ ಮನೆಯ ಅಜ್ಜಿ ತಪ್ಪದೆ ಹೋಗುತ್ತಾರೆ. ಅಜ್ಜಿ ಬೌದ್ಧರು, ಮನೆಯಲ್ಲಿ ಗಂಡನ ಪಟದ ಮುಂದೆ ದಿನವೂ ಊದುಬತ್ತಿ ಹಚ್ಚುವವರು. ಅವರಿಗೂ ಚರ್ಚು ಬೇಡ, ಆದರೆ ಹುಡುಗರು ಬೇಕು.

ಸೋಮವಾರ ಅವರಿಗೆ ಬಿಡುವಿನ ದಿನ. ಬಟ್ಟೆ ಒಗೆತ, ಅಂಗಡಿ, ಕ್ಷೌರ. 2019ರ ಫೆಬ್ರುವರಿಯವರೆಗೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶವಿತ್ತು, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ವಾರಕ್ಕೊಂದು ಇಮೇಲ್. ಹಳೆಯ ಕಾಲದ ಒಬ್ಬ ಹುಡುಗ ಕ್ರಿಸ್ಮಸ್ ಫೋನಿನ ನಂತರ ಅಂಗಳದಲ್ಲಿ ಬಹಳ ಹೊತ್ತು ಸುಮ್ಮನೆ ನಿಂತದ್ದು ನೆನಪಿದೆ. ಈಗ ಪ್ರತಿ ವಾರ ಮುಖ ನೋಡಿ ಮಾತಾಡಬಹುದು. ಇಲ್ಲಿ ಸೋಮವಾರ ಬೆಳಗಾದರೆ ಯೂಟಾದಲ್ಲಿ ಭಾನುವಾರ ಸಂಜೆ, ಮನೆಮಂದಿಯೆಲ್ಲ ಒಟ್ಟಿಗಿರುವ ಹೊತ್ತು. ಚರ್ಚು ಮಾಡಿದ ಬದಲಾವಣೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ತಮ್ಮ ಮಗ ಎದುರಿಗೆ ತಿಂಡಿ ತಿನ್ನುವುದನ್ನು ಆ ತಾಯಿ ನೋಡಬಹುದಲ್ಲ!

ನನಗೆ ಒಪ್ಪಿಗೆಯಾಗದ್ದೂ ಇದೆ. ಮೈಯೋ ಮನಸ್ಸೋ ಕುಗ್ಗಿ ನಡುವೆಯೇ ವಾಪಸು ಹೋದ ಹುಡುಗನನ್ನು ಅವನ ಊರಿನವರೇ ಸೋತು ಬಂದವನಂತೆ ನೋಡುತ್ತಾರಂತೆ. ಅಂಥವನೊಬ್ಬ ಇಲ್ಲಿಂದ ಹೊರಡುವಾಗ ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಿಗೆ ಬಂದು, ಕಸದ ವೇಳಾಪಟ್ಟಿಯನ್ನು ಹೊಸ ಹುಡುಗನಿಗೆ ಹೇಳಿಕೊಡಿ ಎಂದ. ನನಗೆ ಅವನ ತಾಯಿಗೆ ಒಂದು ಮಾತು ಹೇಳಬೇಕೆನಿಸಿತು. ಅವನು ನಮ್ಮ ಪಕ್ಕದ ಮನೆಯ ಅಜ್ಜಿಯ ಬಾಗಿಲಿನ ಹಿಮವನ್ನು ಯಾರೂ ಕೇಳದೆಯೇ ಎತ್ತಿ ಹಾಕಿದವನು.

ಹಾಗಾಗಿ ಪತ್ರ ಬರೆದ ಆ ಓದುಗರಲ್ಲಿ, ಹೊರದೇಶದಲ್ಲಿರುವ ಇತರ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ. ಬಾಗಿಲು ತೆರೆಯಲು ಮನಸ್ಸಿಲ್ಲದಿದ್ದರೆ ತೆರೆಯಬೇಡಿ. ತೆರೆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ನಮಗೆ ನಮ್ಮ ಧರ್ಮವಿದೆ, ದಯವಿಟ್ಟು ಮತ್ತೆ ಬರಬೇಡಿ. ಇದಕ್ಕೆ ಅರ್ಧ ನಿಮಿಷ ಸಾಕು, ಅವರು ತಲೆಬಾಗಿ ಹೋಗುತ್ತಾರೆ. ಬಿಸಿಲಿದ್ದರೆ ಒಂದು ಲೋಟ ತಣ್ಣೀರು ಕೊಡಿ, ಟೀ ಬೇಡ. ಈಗಾಗಲೇ ಸುಳ್ಳು ವಿಳಾಸ ಕೊಟ್ಟವರು ಯಾರಾದರೂ ಈ ನಗೋಯಾದಲ್ಲೇ ಇದ್ದರೆ, ಕಪ್ಪು ಹೆಸರಿನ ಪಟ್ಟಿಯ ಆ ಹುಡುಗರನ್ನು ದಾರಿಯಲ್ಲಿ ಕಂಡಾಗ ನಿಲ್ಲಿಸಿ ‘ಆ ವಿಳಾಸಕ್ಕೆ ಹೋಗಬೇಡಿ’ ಎಂದು ಹೇಳಿಬಿಡಿ. ಆ ಚೀಟಿ ಈಗ ಹೊಸದಾಗಿ ಬಂದ ಹುಡುಗನ ಕೈಯಲ್ಲಿದೆ, ಈ ಶುಕ್ರವಾರ ಮತ್ತೆ ಹೋಗಿ ನೋಡಿಬರುವುದಾಗಿ ನನಗೆ ಹೇಳಿದ್ದಾನೆ.

ಇಂತಿ ನಿಮ್ಮ ಓದುಗಿ,
ನಗೋಯಾ, ಜಪಾನ್