ಮಂಚದ ಕಾಲಡಿಯ ಕರಪತ್ರ

ಪ್ರೀತಿಯ ಮಗಳೇ,

ನಿನ್ನ ರೂಮ್‌ಮೇಟ್ ಬೇರೆ ಕೋಣೆ ಕೇಳಿದ್ದಾಳೆ ಅಂತ ನಿನ್ನೆ ಅಳುತ್ತಾ ಹೇಳಿದೆ. ಅವಳ ಅಣ್ಣ ತೀರಿಕೊಂಡ ವಾರವೇ ನೀನು ಯೇಸುವಿನ ಸುವಾರ್ತೆ ಹೇಳಲು ಕೂತೆಯಂತೆ. ಬೈಯಬೇಕು ಅಂದುಕೊಂಡೆ. ಅಷ್ಟರಲ್ಲಿ "ನಿಮ್ಮನ್ನು ನೋಡಿಯೇ ಕಲಿತದ್ದಲ್ವಾ ಅಪ್ಪಾ" ಅಂದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಆ ಆಸ್ಪತ್ರೆಯ ವಾರ್ಡು ನಿನಗೆ ನೆನಪಿದೆಯೋ ಇಲ್ಲವೋ. ನಿನಗಾಗ ಎಂಟೋ ಒಂಬತ್ತೋ. ಕೊನೆಯ ಮಂಚದ ಹತ್ತಿರ ಒಬ್ಬರು ಹೆಂಡತಿಯ ಕಾಲು ನೀವುತ್ತಾ ಕೂತಿದ್ದರು. ಆಕೆಗೆ ಪ್ರಜ್ಞೆ ಇರಲಿಲ್ಲ. ನಾನು ಅವರ ಹೆಸರು ಕೇಳಲಿಲ್ಲ, ಆಕೆಗೆ ಏನಾಗಿದೆ ಅಂತಲೂ ಕೇಳಲಿಲ್ಲ. ಸೀದಾ ಪಾಪ, ರಕ್ಷಣೆ, ನಿತ್ಯಜೀವ ಅಂತ ಶುರುಮಾಡಿದೆ. ಅವರು ಎದುರಾಡಲಿಲ್ಲ. ಕರಪತ್ರ ಇಸಿದುಕೊಂಡು ಮಡಿಚಿದರು, ಇನ್ನೊಮ್ಮೆ ಮಡಿಚಿದರು, ಬಗ್ಗಿ ಮಂಚದ ಕಾಲಡಿಗೆ ತುರುಕಿದರು. ಮತ್ತೆ ಕಾಲು ನೀವತೊಡಗಿದರು.

ನನಗೆ ಸಿಟ್ಟು ಬಂತು. ಹೊರಗೆ ಬಂದು ನಿನ್ನೆದುರೇ "ಕಲ್ಲು ಮನಸ್ಸು" ಅಂದೆ.

ಆ ಮಂಚ ಅಲುಗಾಡುತ್ತಿತ್ತು ಕಣೇ. ಆಕೆ ಉಸಿರೆಳೆದಾಗಲೆಲ್ಲ ಕಿರ್ ಅನ್ನುತ್ತಿತ್ತು. ಅದರ ಪಕ್ಕದಲ್ಲೇ ಹತ್ತು ನಿಮಿಷ ನಿಂತು ಮಾತಾಡಿದವನು ನಾನು. ಕಿವಿಗೆ ಬಿದ್ದಿತ್ತು. ಕೈಯಲ್ಲಿ ಕಾಗದದ ಕಟ್ಟೇ ಇತ್ತು. ಬಗ್ಗಬೇಕು ಅನ್ನಿಸಲಿಲ್ಲ.

ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರದ 3:15 ನಿನಗೆ ಬಾಯಿಪಾಠ ಮಾಡಿಸಿದವನೂ ನಾನೇ. ಉತ್ತರ ಕೊಡಲು ಸದಾ ಸಿದ್ಧರಾಗಿರಿ ಅನ್ನುವುದನ್ನು ಒತ್ತಿ ಒತ್ತಿ ಹೇಳಿಸಿದೆ. ಉತ್ತರ ಕೊಡಬೇಕಾದದ್ದು ಕೇಳುವವರಿಗೆ, ಅದೂ ವಿನಯದಿಂದ ಅಂತ ಅದೇ ವಚನದಲ್ಲಿದೆ. ಅದರ ಮೇಲೆ ಬೆರಳಿಡಲೇ ಇಲ್ಲ. ಯೇಸುಸ್ವಾಮಿ ಮಾತಾಡಿಸಿದ ಸಮಾರ್ಯದ ಹೆಂಗಸೂ ಏನೂ ಕೇಳಿಕೊಂಡು ಬಂದವಳಲ್ಲ ಅಂತ ನೀನು ವಾದಿಸುತ್ತೀ, ಗೊತ್ತು. ಆದರೆ ಬಾವಿಯ ಹತ್ತಿರ ಬಾಯಾರಿ ಮೊದಲು ನೀರು ಕೇಳಿದ್ದು ಯೇಸುಸ್ವಾಮಿ. ನಾವು ಯಾರ ಹತ್ತಿರ ಏನು ಕೇಳಿದ್ದೇವೆ? ಕೊಡುವವರ ಗತ್ತಿನಲ್ಲೇ ಹೋಗುತ್ತೇವೆ. ಇದ್ದದ್ದನ್ನೆಲ್ಲ ಬಡವರಿಗೆ ಕೊಟ್ಟು ಬಾ ಅಂದದ್ದಕ್ಕೆ ಆಸ್ತಿವಂತನಾದ ಆ ಯುವಕ ದುಃಖಪಟ್ಟು ಹೊರಟುಹೋದಾಗ ಸ್ವಾಮಿ ಅವನ ಬೆನ್ನು ಹತ್ತಲಿಲ್ಲ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ, ಅಲ್ಲಿ ಅವರ ಮಾತು ನಂಬಿದ ಮೊದಲಿಗ, ಬಡಗಿ ಕೃಷ್ಣ ಪಾಲ್‌ಗೆ ದೀಕ್ಷಾಸ್ನಾನವಾದದ್ದು 1800ರ ಕೊನೆಗೆ. ಆ ಬಡಗಿಯನ್ನು ಅವರ ಹತ್ತಿರ ತಂದದ್ದು ಕೀಲು ತಪ್ಪಿದ ತೋಳು. ಅದನ್ನು ಕೂರಿಸಿದವರು ಕೇರಿಯ ಜೊತೆಗಿದ್ದ ವೈದ್ಯ ಜಾನ್ ಥಾಮಸ್...

ನೋಡು, ಶುರುವಾಯಿತು ನನ್ನ ಪ್ರಸಂಗ. ಕ್ಷಮೆ ಕೇಳೋಣ ಅಂತ ಕೂತವನು.

ನಿನ್ನ ಧೈರ್ಯದ ಬಗ್ಗೆ ಹೆಮ್ಮೆಯಿದೆ, ಅದನ್ನು ಮುಚ್ಚಿಡಲಾರೆ. ನಿನ್ನ ವಯಸ್ಸಿನಲ್ಲಿ ನಾನು ಊಟಕ್ಕೆ ಮುಂಚೆ ಪ್ರಾರ್ಥಿಸುವಾಗಲೂ ಕಣ್ಣು ಅರ್ಧ ತೆರೆದಿರುತ್ತಿದ್ದೆ, ಯಾರಾದರೂ ನೋಡುತ್ತಾರೇನೋ ಅಂತ. ಈಗಿನ ಹೆದರಿಕೆ ಬೇರೆ: ಈ ಅವಮಾನಕ್ಕೆ ನೀನು ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತೀಯೋ ಏನೋ. ಬಿಡಬೇಡ. ಬಿಟ್ಟರೂ ನನಗೆ ಹೇಳು, ಬೈಯುವುದಿಲ್ಲ. ಬೈದರೂ ಫೋನ್ ಕಟ್ ಮಾಡಬೇಡ.

ಶನಿವಾರ ಅವಳು ಸಾಮಾನು ಸಾಗಿಸುತ್ತಾಳೆ ಅಂದೆಯಲ್ಲ. ಬೇಡ ಅನ್ನದಿದ್ದರೆ ಪೆಟ್ಟಿಗೆಯ ಒಂದು ಕಡೆ ಹಿಡಿದುಕೋ. ಅಣ್ಣನ ಹೆಸರೇನು ಅಂತ ಕೇಳು. "ನಿನಗಾಗಿ ಪ್ರಾರ್ಥಿಸುತ್ತೇನೆ" ಅಂತಲೂ ಹೇಳಬೇಡ, ಸುಮ್ಮನೆ ಪ್ರಾರ್ಥಿಸು. ಹೆಸರು ನನಗೂ ತಿಳಿಸು.

ನಿನ್ನ ಅಪ್ಪ