ಮೇಲಿನ ಮನೆ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ಹೋದ ವಾರ ಸರ್ಟಿಫಿಕೇಟ್ ಬಂತು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿ ತೊಡಕು, ಇರುವ ಮಕ್ಕಳ ಜೊತೆ ಕೂತು ಓದಿಸುವ ದೊಡ್ಡವರಿಗಾಗಿ ನಡೆದ ಆನ್‌ಲೈನ್ ತರಬೇತಿ ಅದು. ಆಗಸ್ಟ್‌ನಲ್ಲಿ ಶುರುವಾಗಿ ಡಿಸೆಂಬರ್‌ಗೆ ಮುಗಿಯಿತು. ವಾರಕ್ಕೆ ಎರಡು ಸಂಜೆ, ಏಳೂವರೆಯಿಂದ ಒಂಬತ್ತರವರೆಗೆ. ಸರ್ಟಿಫಿಕೇಟ್ ಮೇಲೆ ನನ್ನ ಹೆಸರೊಂದೇ ಇದೆ. ಅದು ಸರಿಯಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದ್ರೆ ನನ್ನ ಹೆಸರು ಹಾಕ್ಬೇಡ" ಅಂದ. ಹಾಕುವುದಿಲ್ಲ. ಯಾರ ಹೆಸರೂ ಹಾಕುವುದಿಲ್ಲ. ನೀವು ಯಾರು ಅಂತ ನಿಮಗೆ ಗೊತ್ತು, ಅಷ್ಟು ಸಾಕು. ಅವನ ರಿಪೋರ್ಟ್, ನಿಮ್ಹಾನ್ಸ್‌ಗೆ ಓಡಾಡಿದ್ದು, ಅದಕ್ಕೂ ಮುಂಚಿನ ಎರಡು ವರ್ಷ, ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ.

ಜುಲೈ ತಿಂಗಳ ಆ ರಾತ್ರಿಯ ವಿಷಯ ಮಾತ್ರ ಹೇಳಬೇಕು. ಹತ್ತಿರದವರಿಗೆ ಅರ್ಧ ಗೊತ್ತು. ಉಳಿದರ್ಧ ಹೇಳಲು ನನಗೆ ಇಷ್ಟು ದಿನ ಧೈರ್ಯ ಇರಲಿಲ್ಲ.

ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕರೆಂಟ್ ಹೋಗಿತ್ತು. ಮನೆಯವರು ಅತ್ತೆಯ ಕಣ್ಣಿನ ಆಪರೇಷನ್‌ಗೆ ಅಂತ ಮೈಸೂರಿಗೆ ಹೋಗಿದ್ದರು. ಕ್ಯಾಂಡಲ್ ಬೆಳಕಿನಲ್ಲಿ ಮಗನಿಗೆ ಕಾಪಿ ಬರೆಸುತ್ತಿದ್ದೆ. ಒಂದೇ ಪದ, ಹತ್ತು ಸಲ. ಹತ್ತು ಸಲವೂ ಒಂದೊಂದು ಥರ ತಪ್ಪು. ನಾನು ಕೈ ಮಾಡಿದೆ. ಒಂದು ಏಟಿಗೆ ನಿಲ್ಲಿಸಲಿಲ್ಲ. ರಿಪೋರ್ಟ್ ಆಗಲೇ ಬೀರುವಿನಲ್ಲಿತ್ತು. ಇದು ಸೋಮಾರಿತನ ಅಲ್ಲ, ಬುದ್ಧಿ ಕಮ್ಮಿ ಅಂತಲೂ ಅಲ್ಲ, ಕಣ್ಣಿನ ದೋಷವೂ ಅಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದ್ದರು. ಎಲ್ಲ ಗೊತ್ತಿದ್ದೂ ಹೊಡೆದೆ.

ಒಲೆ ಕಡೆ ಹೋಗಿ ಬರುವಷ್ಟರಲ್ಲಿ ಅವನು ಮನೆಯೊಳಗೆ ಇರಲಿಲ್ಲ.

ಮೇಲಿನ ಮನೆ ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ನಮ್ಮ ಅಂಗಳದಿಂದ ನಲವತ್ತು ಹೆಜ್ಜೆ ಹತ್ತಿದರೆ ಅವರ ಮನೆ. ತೋಟ ಪಾಲಾದ ಮೇಲೆ ಎರಡು ವರ್ಷ ನಮ್ಮ ನಡುವೆ ಮಾತಿರಲಿಲ್ಲ. ಗಡಿಯಲ್ಲಿರುವ ಸಿಲ್ವರ್ ಓಕ್ ಮರಗಳ ಮೆಣಸಿನ ಬಳ್ಳಿ ಯಾರಿಗೆ ಸೇರಬೇಕು ಅನ್ನುವ ಜಗಳ. ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದೆವು. ಅಂಥ ಅಕ್ಕ, ನಾನು ಮಗನ ಹೆಸರು ಕೂಗುವುದು ಕೇಳಿ ಟಾರ್ಚ್ ಹಿಡಿದು ಇಳಿದು ಬಂದರು. ಕೊಡೆ ಕೂಡ ತಂದಿರಲಿಲ್ಲ. ಏನಾಯಿತು ಅಂತ ಕೇಳಲಿಲ್ಲ. "ನೀನು ಕೆರೆ ಕಡೆ ನೋಡು, ನಾನು ಶೆಡ್ ಕಡೆ ಹೋಗ್ತೀನಿ" ಅಂದರು. ಕೆರೆ ಅನ್ನುವ ಮಾತು ಕೇಳಿ ನನ್ನ ಕಾಲಲ್ಲಿ ಶಕ್ತಿ ಉಳಿಯಲಿಲ್ಲ.

ಅವನು ಗೊಬ್ಬರದ ಶೆಡ್ಡಿನಲ್ಲಿ, ಹಳೆ ಗೋಣಿಚೀಲಗಳ ಹಿಂದೆ ಕೂತಿದ್ದ. ಅಕ್ಕನಿಗೇ ಸಿಕ್ಕಿದ. ನಾನು ಓಡಿ ಬರುವಾಗ ಅವನು ಅವರ ಸೆರಗಿನೊಳಗೆ ಮುಖ ಇಟ್ಟುಕೊಂಡು ಹೇಳುತ್ತಿದ್ದ, "ನನ್ನ ತಲೇಲಿ ಅಕ್ಷರ ನಿಲ್ಲಲ್ಲ ದೊಡ್ಡಮ್ಮ. ನಾನೇನ್ ಮಾಡ್ಲಿ?"

ಈ ಪ್ರಶ್ನೆಯನ್ನು ಅವನು ನನ್ನನ್ನು ಕೇಳಲಿಲ್ಲ. ನನ್ನನ್ನು ಕೇಳಲು ಹೆದರಿದ್ದ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಅಕ್ಕ ಅವನನ್ನು ಎತ್ತಿಕೊಂಡು ಮೇಲಿನ ಮನೆಗೆ ಹೋದರು. ಕಾಲಿಗೆ ಹತ್ತಿದ್ದ ಜಿಗಣೆಗಳನ್ನು ಉಪ್ಪು ಹಾಕಿ ಬಿಡಿಸಿದರು. ಬಿಸಿನೀರಲ್ಲಿ ಒರೆಸಿ, ಬೆಚ್ಚಗೆ ಹೊದೆಸಿ ಮಲಗಿಸಿದರು. ಆಮೇಲೆ ಒಲೆ ಮುಂದೆ ಮಣೆ ಹಾಕಿ, "ನೀನೂ ಕೂತ್ಕೋ" ಅಂದರು. ಬೆಳಗಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು. ನನಗೆ ಬುದ್ಧಿ ಹೇಳಲಿಲ್ಲ, ಬೈಯಲೂ ಇಲ್ಲ. ಮೂರು ಗಂಟೆ ಹೊತ್ತಿಗೆ ತಮ್ಮ ತಮ್ಮನ ವಿಷಯ ತೆಗೆದರು. ಅವನೂ ಹೀಗೇ ಇದ್ದನಂತೆ. ಬಾಯಲ್ಲಿ ಲೆಕ್ಕ ಪಟಪಟ ಹೇಳುತ್ತಿದ್ದ, ಪುಸ್ತಕ ಕೊಟ್ಟರೆ ಬೆವರುತ್ತಿದ್ದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ. ಊರವರೆಲ್ಲ ದಡ್ಡ ಅಂದರು, ಮನೆಯವರೂ ನಂಬಿದರು. ಈಗ ಅವನಿಗೆ ನಲವತ್ತು ದಾಟಿದೆ. ಮೊಬೈಲಿಗೆ ಬರುವ ಮೆಸೇಜನ್ನು ಇವತ್ತಿಗೂ ಬೇರೆಯವರ ಹತ್ತಿರ ಓದಿಸಿಕೊಳ್ಳುತ್ತಾನೆ. "ನಾನೂ ಅವನಿಗೆ ಹೊಡ್ದಿದ್ದೀನಿ" ಅಂದರು ಅಕ್ಕ. ಅಷ್ಟೇ ಹೇಳಿ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದರು.

ತರಬೇತಿಯ ಲಿಂಕ್ ಕಳಿಸಿದ್ದು ಧಾರವಾಡದಲ್ಲಿರುವ ನನ್ನ ಕಾಲೇಜು ಗೆಳತಿ. ಸೇರಲೋ ಬೇಡವೋ ಅಂತ ನಾನು ಒಂದು ವಾರ ಎಳೆದಾಡಿದೆ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದೇ ಇಲ್ಲ. ಸೋಮವಾರಪೇಟೆಯಿಂದ ಒಳಗೆ ಬಂದವರಿಗೆ ಇದು ಗೊತ್ತು. ಅಕ್ಕನೇ, "ಸೇರು. ನಮ್ಮನೇಲಿ ಸಿಗ್ನಲ್ ಬರುತ್ತೆ, ನನ್ನ ಫೋನಲ್ಲೇ ನೋಡು" ಅಂದರು. ಹಾಗೆ ಐದು ತಿಂಗಳು, ವಾರಕ್ಕೆ ಎರಡು ಸಂಜೆ, ನಾನು ಆ ನಲವತ್ತು ಹೆಜ್ಜೆ ಹತ್ತಿದೆ.

ಫೋನ್ ಕೊಟ್ಟು ಸುಮ್ನೆ ಇರಲಿಲ್ಲ ಅಕ್ಕ. ಪಕ್ಕದಲ್ಲಿ ಕೂತರು. ಮೊದಲ ಕ್ಲಾಸಿನಿಂದ ಕೊನೆಯ ಕ್ಲಾಸಿನವರೆಗೆ. ಹೆಸರು ನೋಂದಾಯಿಸಿರಲಿಲ್ಲ, ಆದರೆ ನನಗಿಂತ ಜಾಸ್ತಿ ಪ್ರಶ್ನೆ ಅವರೇ ಕೇಳಿಸಿದರು. ಅವರು ಪಿಸುಗುಟ್ಟುತ್ತಿದ್ದರು, ನಾನು ಕೇಳುತ್ತಿದ್ದೆ. ಒಂದು ದಿನ ಮೇಡಂ ನಮ್ಮ ಕನ್ನಡದ ಅಕ್ಷರಗಳ ಲೆಕ್ಕ ಹಾಕಿ ತೋರಿಸಿದರು. 34 ವ್ಯಂಜನ, ಒಂದೊಂದಕ್ಕೂ 15 ಕಾಗುಣಿತ. ಅಲ್ಲಿಗೇ 510 ಆಯಿತು. ಒತ್ತಕ್ಷರ ಇನ್ನೂ ಬೇರೆ. ಅಕ್ಕ ಫೋನನ್ನೇ ನೋಡುತ್ತಾ, "ಇಷ್ಟನ್ನ ಒಂದೇ ಸಲ ತಲೆಗೆ ತುಂಬು ಅಂದ್ವಲ್ಲ ನಾವು" ಅಂದರು. ಆ ಮಾತನ್ನು ನನಗೆ ಹೇಳಿದರೋ, ತಮ್ಮನನ್ನು ನೆನೆದು ಹೇಳಿದರೋ ಗೊತ್ತಿಲ್ಲ.

ಅಲ್ಲಿ ಕಲಿತದ್ದು ಎಷ್ಟು ಸರಳ ಅಂದರೆ, ಯಾಕೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ ಅಂತ ಸಂಕಟ ಆಗುತ್ತದೆ. ಮೊದಲು ಕಿವಿ, ಆಮೇಲೆ ಕಣ್ಣು. ಪದವನ್ನು ಚಪ್ಪಾಳೆ ತಟ್ಟಿ ಒಡೆಯಬೇಕು. ಒಂದು ವಾರಕ್ಕೆ ಮೂರೋ ನಾಲ್ಕೋ ಅಕ್ಷರ, ಅಷ್ಟೇ. ಅದೇ ಅಕ್ಷರಗಳಿಂದ ಆಗುವ ಪದಗಳನ್ನೇ ಓದಲು ಕೊಡಬೇಕು. ಬಾಯಲ್ಲಿ ಹೇಳುತ್ತಾ, ಕಿವಿಯಲ್ಲಿ ಕೇಳುತ್ತಾ, ಬೆರಳಲ್ಲಿ ತಿದ್ದುತ್ತಾ ಕಲಿಯಬೇಕು. ನಿನ್ನೆಯದನ್ನು ಇವತ್ತು ಮತ್ತೆ ನೋಡಬೇಕು. ಅಮೆರಿಕದಲ್ಲಿ 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಅನ್ನುವ ಡಾಕ್ಟರ್ ಮತ್ತು ಆನಾ ಗಿಲ್ಲಿಂಗ್‌ಹ್ಯಾಮ್ ಅನ್ನುವ ಶಿಕ್ಷಕಿ ಸೇರಿ ಕಟ್ಟಿದ ದಾರಿಯಂತೆ ಇದು. ಅಷ್ಟು ಹಳೆಯದು. ನಮ್ಮ ಊರಿಗೆ ಬರುವಷ್ಟರಲ್ಲಿ ಎಷ್ಟು ಮಕ್ಕಳು ದಡ್ಡರು ಅನಿಸಿಕೊಂಡು ತೋಟದ ಕೆಲಸಕ್ಕೆ ಹೋದರೋ.

ಅಕ್ಷರ ತಿದ್ದಲು ಮರಳಿನ ತಟ್ಟೆ ಅಂದರು ಮೇಡಂ. ಅಕ್ಕ ಮೊರದಲ್ಲಿ ರಾಗಿ ಹರಡಿದರು. ಮಗ ಅದರ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದ. ಹಳೆಯ ಲಗ್ನಪತ್ರಿಕೆಗಳ ಹಿಂದಿನ ಬಿಳಿ ಭಾಗ ಕತ್ತರಿಸಿ ಕಾರ್ಡ್ ಮಾಡಿದರು. ಪದ ಒಡೆಯುವುದಕ್ಕೆ ಕಾಫಿ ಬೀಜ. ಒಂದು ಸದ್ದಿಗೆ ಒಂದು ಬೀಜ ಮುಂದೆ ತಳ್ಳಬೇಕು. ಮೊದಲ ವಾರ "ಅಕ್ಕ" ಅನ್ನುವ ಪದವನ್ನೇ ಅವನು "ಅಕಕ" ಅಂತ ಬರೆಯುತ್ತಿದ್ದ. ನಾನು ಮೊದಲೆಲ್ಲ ಅದಕ್ಕೂ ಬೈದಿದ್ದೆ. ಈಗ ಮೇಡಂ ಹೇಳಿದ ಹಾಗೆ ನೋಡಿದರೆ, ಅವನಿಗೆ ಎರಡು ಕಕಾರ ಇರುವುದು ಕೇಳಿಸಿದೆ ಅಲ್ವಾ? ಕೇಳಿಸಿದ್ದನ್ನು ಬರೆದಿದ್ದಾನೆ. ಎರಡನೆಯದು ಕೆಳಗೆ ಇಳಿದು ಕೂರುತ್ತದೆ ಅನ್ನುವುದಷ್ಟೇ ಹೇಳಿಕೊಡಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಅರ್ಕಾವೊತ್ತು. "ಸೂರ್ಯ" ಅನ್ನುವಾಗ ರ್ ಮೊದಲು ಕೇಳಿಸುತ್ತದೆ, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ಅದರ ಹಿಂದೆ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ನಾವು ದೊಡ್ಡವರು ಇದನ್ನು ಯಾವತ್ತೂ ಗಮನಿಸಿಯೇ ಇರಲಿಲ್ಲ. ಅದನ್ನು ಬಿಡಿಸಿಕೊಳ್ಳಲು ಅವನಿಗೆ ಮೂರು ವಾರ ಬೇಕಾಯಿತು. ಆ ಮೂರು ವಾರವೂ ಅಕ್ಕ ಅವನ ಪಕ್ಕ ಇದ್ದರು, ನನ್ನ ಪಕ್ಕವೂ ಇದ್ದರು. ನನ್ನ ದನಿ ಸ್ವಲ್ಪ ಏರಿದರೆ ಸಾಕು, ಕೈಯಲ್ಲಿದ್ದ ಲೋಟವನ್ನು ಟಕ್ ಅಂತ ನೆಲಕ್ಕೆ ಇಡುತ್ತಿದ್ದರು. ಅದು ನಮ್ಮಿಬ್ಬರ ಗುರುತು. ನಾನು ಎದ್ದು ಅಂಗಳಕ್ಕೆ ಹೋಗಿ, ಒಂದು ಸುತ್ತು ಹಾಕಿ ಬರುತ್ತಿದ್ದೆ. ಇಪ್ಪತ್ತು ನಿಮಿಷ ಆದರೆ ಪುಸ್ತಕ ಮುಚ್ಚುವುದು ಅನ್ನುವ ನಿಯಮವೂ ಅವರದ್ದೇ. ಚೆನ್ನಾಗಿ ಓದುತ್ತಿದ್ದರೂ ಮುಚ್ಚುವುದು. "ನಾಳೆಗೆ ಆಸೆ ಉಳೀಲಿ" ಅನ್ನುತ್ತಿದ್ದರು.

ರಿಪೋರ್ಟ್ ಕೊಟ್ಟವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅವರು ಮಗನ ಕಷ್ಟಕ್ಕೆ ಒಂದು ಹೆಸರು ಕೊಟ್ಟರು. ಆದರೆ ಹೆಸರು ಗೊತ್ತಾದ ಮೇಲೂ ಇವತ್ತು ರಾತ್ರಿ ಪುಸ್ತಕ ತೆಗೆದಾಗ ನಾನೇನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ. ಅದು ಗೊತ್ತಿಲ್ಲದ ಕಡೆ ನನ್ನ ಕೈ ಮುಂದೆ ಹೋಯಿತು. ತರಬೇತಿ ಆ ಜಾಗವನ್ನು ತುಂಬಿತು. ಮಗನ ಡಿಸ್ಲೆಕ್ಸಿಯಾ ಹೋಗಿಲ್ಲ, ಹೋಗುವುದೂ ಇಲ್ಲ. ಈಗಲೂ ನಿಧಾನ. ಈಗಲೂ ದ, ಧ ಅದಲು ಬದಲು. ಒಮ್ಮೊಮ್ಮೆ ನಮ್ಮ ಜಿಲ್ಲೆಯ ಹೆಸರನ್ನೇ "ಕೋಡಗು" ಅಂತ ಬರೆಯುತ್ತಾನೆ. ಆದರೆ ಪುಸ್ತಕ ತೆಗೆಯುವಾಗ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾನೆ. ನನಗೆ ಅಷ್ಟು ಸಾಕು.

ಉಳಿದವರಿಗೂ ಮನಸಾರೆ ವಂದನೆ. ಕರೆಂಟ್ ಹೋಗಿ ತಪ್ಪಿಸಿಕೊಂಡ ಪ್ರತಿ ಕ್ಲಾಸಿನ ರೆಕಾರ್ಡಿಂಗ್ ಕಳಿಸಿದ ಬೆಂಗಳೂರಿನ ಮೇಡಂಗಳಿಗೆ, ಲಿಂಕ್ ಕಳಿಸಿದ ಗೆಳತಿಗೆ, ಅವನನ್ನು ಕ್ಲಾಸಿನಲ್ಲಿ ಎಬ್ಬಿಸಿ ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದ ಈಗಿನ ಮೇಷ್ಟ್ರಿಗೆ, ಎಷ್ಟೋ ಸಂಜೆ ತಾವೇ ಅಡುಗೆ ಮಾಡಿಟ್ಟ ನಮ್ಮ ಮನೆಯವರಿಗೆ, ಬೆಳಕಿಗೆ ಅಂತ ಇನ್ವರ್ಟರ್ ಹಾಕಿಸಿಕೊಟ್ಟ ಭಾವನವರಿಗೆ. ನಮ್ಮ ಗುಂಪಿನಲ್ಲಿದ್ದ ರಾಯಚೂರಿನ ಅಂಗನವಾಡಿ ಟೀಚರ್‌ಗೆ, ಸಾಗರದ ಆ ಅಜ್ಜನಿಗೆ. ಮೊಮ್ಮಗಳಿಗೋಸ್ಕರ ಕಲಿಯಲು ಬಂದ ಅವರು ಒಂದು ಕ್ಲಾಸನ್ನೂ ತಪ್ಪಿಸಲಿಲ್ಲ.

ವಿರಾಜಪೇಟೆ ಕಡೆಯ ಶಾಲೆಯ ಟೀಚರ್ ಒಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಅವರ ಕ್ಲಾಸಿನಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಮಲಯಾಳಂ ಆಡುವವರಿದ್ದಾರೆ, ಯರವ ಮಾತಿನ ಮಕ್ಕಳಿದ್ದಾರೆ. ಮಗು ಕನ್ನಡ ಓದಲು ತಡವರಿಸಿದರೆ ಅದು ಭಾಷೆ ಹೊಸದಾದ್ದರಿಂದಲೋ, ಡಿಸ್ಲೆಕ್ಸಿಯಾದಿಂದಲೋ? ಮನೆಮಾತಿನ ಪದಗಳನ್ನು ಒಡೆದು ಹೇಳಲು ಕೊಟ್ಟು ನೋಡಿ, ಅಲ್ಲೂ ತೊಡಕು ಕಂಡರೆ ತಡ ಮಾಡದೆ ಪರೀಕ್ಷೆ ಮಾಡಿಸಿ ಅಂದರು ಮೇಡಂ. ನಮ್ಮ ಜಿಲ್ಲೆಯಲ್ಲಿ ಪ್ರತಿ ಶಾಲೆಯವರಿಗೂ ಇದು ಗೊತ್ತಿರಬೇಕು ಅಂತ ನನಗೆ ತುಂಬ ಅನಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ಈ ತೊಡಕೂ ಸೇರಿದೆ. ಅದು ಮಕ್ಕಳ ಹಕ್ಕು, ಯಾರೋ ಮಾಡುವ ಉಪಕಾರ ಅಲ್ಲ. ಅಕ್ಕ ಇದನ್ನು ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಕಾಫಿ ಕುಯ್ಲು ಮುಗಿದ ಮೇಲೆ ಶನಿವಾರ ಮಧ್ಯಾಹ್ನ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ನಾಲ್ಕು ಮಕ್ಕಳು ಮೇಲಿನ ಮನೆಗೆ ಬರುತ್ತಾರೆ. ರಾಗಿ, ಮೊರ, ಕಾಫಿ ಬೀಜ ಸಿದ್ಧ ಇದೆ. ಅಕ್ಕನ ತಮ್ಮನೂ ಬರುತ್ತೇನೆ ಅಂದಿದ್ದಾನೆ. ಮಕ್ಕಳ ಜೊತೆ ಕೂರಲು ನಾಚಿಕೆ ಆದರೆ ಸಂಜೆ ಬಾ ಅಂದಿದ್ದೇವೆ.

ಅಕ್ಕಾ, ಇಷ್ಟೆಲ್ಲ ಬರೆದೆ ಅಂತ ನೀವು ಬೈಯುತ್ತೀರಿ. ಬೈಯಿರಿ. ಎರಡು ವರ್ಷ ನಾನು ಮೇಲಿನ ಮನೆ ಕಡೆ ನೋಡಲಿಲ್ಲ. ನೀವು ಬಂದ ರಾತ್ರಿ ಅದನ್ನು ಎತ್ತಿ ಆಡಲಿಲ್ಲ, ಇವತ್ತಿನವರೆಗೂ ಆಡಿಲ್ಲ. ಮೆಣಸಿನ ಬಳ್ಳಿಗೆ ಈ ವರ್ಷ ನಾವಿಬ್ಬರೂ ಸೇರಿ ಗೊಬ್ಬರ ಹಾಕಿದೆವು. ಅದರ ಬಗ್ಗೆಯೂ ನೀವು ಒಂದು ಮಾತು ಆಡಲಿಲ್ಲ.

ಮೊನ್ನೆ ಸಂಜೆಯದ್ದನ್ನು ಮಾತ್ರ ಹೇಳಿ ನಿಲ್ಲಿಸುತ್ತೇನೆ. ಕಣದಲ್ಲಿ ಹಣ್ಣು ತೂಕ ಹಾಕುವ ಹೊತ್ತು. ಕುಯ್ಯುವವರೆಲ್ಲ ಚೀಲ ಇಳಿಸಿ ಸಾಲಾಗಿ ನಿಂತಿದ್ದರು. ಲೆಕ್ಕದ ಪುಸ್ತಕ ಅಕ್ಕನ ಕೈಯಲ್ಲಿತ್ತು. ಮಗ ಹೋಗಿ, "ದೊಡ್ಡಮ್ಮ, ನಾನು ಹೆಸರು ಕರೀಲಾ?" ಅಂದ. ಯಾರೂ ಕೇಳಿರಲಿಲ್ಲ, ಅವನೇ ಕೇಳಿದ್ದು. ಅಕ್ಕ ಪುಸ್ತಕ ಕೊಟ್ಟರು. ಮೊದಲ ಹೆಸರು ಓದಿದ. ಎರಡನೆಯದು ಓದಿದ. ಮೂರನೆಯದರಲ್ಲಿ ಅರ್ಕಾವೊತ್ತು ಇತ್ತು. ನಿಂತ. ನಾನು ತಕ್ಕಡಿ ಹತ್ತಿರ ಇದ್ದೆ, ನನ್ನ ಬಾಯಿ ತುದಿಗೆ ಆ ಹೆಸರು ಬಂದಿತ್ತು. ಅಕ್ಕ ನನ್ನ ಕಡೆ ನೋಡಿದರು. ಸುಮ್ಮನಾದೆ. ಸಾಲಿನಲ್ಲಿದ್ದ ಹೆಂಗಸರೂ ಸುಮ್ಮನೆ ಕಾದರು. ಅವನು ಅಂಗೈ ಮೇಲೆ ಬೆರಳಲ್ಲಿ ಒಂದು ಸಲ ಬರೆದುಕೊಂಡ, ತುಟಿ ಅಲ್ಲಾಡಿಸಿದ, ಆಮೇಲೆ ಗಟ್ಟಿಯಾಗಿ ಹೆಸರು ಕರೆದ.

"ಹಾಂ, ಬಂದೆ" ಅಂತ ಆಕೆ ಚೀಲ ತಂದು ಇಟ್ಟಳು. 72 ಕೆಜಿ ಇತ್ತು. ಅದನ್ನೂ ಅವನೇ ಬರೆದ.